ನಾನೂರು ಅರ್ಟ್ಸ್

ಗಿರಣಿಯ ಮೋಟಾರು ನಿಂತ ಮೇಲೂ ಸದ್ದು ನಿಲ್ಲಲಿಲ್ಲವಲ್ಲ ಎಂದಾಗ ಗಂಗರತ್ನಮ್ಮನಿಗೆ ಮೊದಲು ಅನುಮಾನ ಬಂದದ್ದು ತನ್ನ ಕಿವಿಯ ಮೇಲೇ. ಅರವತ್ತು ದಾಟಿದ ಮೇಲೆ ಕಿವಿ, ಮಂಡಿ, ಗಂಡ ಈ ಮೂರನ್ನೂ ಪೂರ್ತಿ ನಂಬಬಾರದು ಎಂದು ಪಾರ್ಕಿನಲ್ಲಿ ಜತೆಯವರನ್ನು ನಗಿಸುತ್ತಿದ್ದವಳು ಅವಳೇ. ಶನಿವಾರ ಬೆಳಿಗ್ಗೆ ಹತ್ತೂವರೆ. ಯಲಹಂಕ ಉಪನಗರದ ಆ ಗಿರಣಿಯಲ್ಲಿ ಅವಳ ರಾಗಿ ಡಬ್ಬ ಸಾಲಿನಲ್ಲಿ ಮೂರನೆಯದಾಗಿ ಕೂತಿತ್ತು. ಮುಂದಿನವರ ಗೋಧಿ ಮುಗಿದಿತ್ತು; ಅದರ ಹಿಟ್ಟು ರಾಗಿಗೆ ಬೆರೆಯದಿರಲೆಂದು ಗಿರಣಿಯವನು ಮೋಟಾರು ಆರಿಸಿ ಮಿಷಿನ್ನಿನ ಬಾಯಿ ಒರೆಸುತ್ತಿದ್ದ. ಆ ಬಿಡುವಿನಲ್ಲಿ ತಾರಸಿಯ ಆಚೆಯಿಂದ ಅದು ಇಳಿದು ಬಂತು. ಒಂದೇ ಸ್ವರದ ಹಾಗಿತ್ತು, ಆದರೆ ಒಂದಲ್ಲ. ಎರಡು ಸ್ವರಗಳು ಒಂದರ ಮೈಗೊಂದು ಉಜ್ಜಿಕೊಂಡು, ಉಬ್ಬಿ ತಗ್ಗಿ, ಉಬ್ಬಿ ತಗ್ಗಿ, ಓಂವ್, ಓಂವ್, ಓಂವ್ ಎಂದು ತೂಗುತ್ತಿದ್ದವು. ಮೈ ಜುಮ್ಮೆಂದಿತು. ಸೆಕೆಂಡಿಗೆ ಒಂದೂವರೆ ಸಲ ಎಂದು ಅವಳನ್ನು ಕೇಳದೆಯೇ ಅವಳ ತಲೆ ಲೆಕ್ಕ ಹಾಕಿತು. ಒಂದೂವರೆ ಅರ್ಟ್ಸ್ ಜಾಸ್ತಿ ಇದೆ, ಇಳಿಸು ಎಂದು ಬಲಗೈಯ ಹೆಬ್ಬೆರಳೂ ತೋರುಬೆರಳೂ ಗಾಳಿಯಲ್ಲೇ ಒಂದು ನಾಬು ತಿರುಗಿಸಿದವು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಆ ಕೈಯನ್ನೇ ನೋಡಿದಳು. ಗಂಗರತ್ನಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅರ್ಟ್ಸ್ ಅಲ್ಲ, ಹರ್ಟ್ಸ್ ಅನ್ನಬೇಕು. ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನುವ ಲೆಕ್ಕ ಅದು. ಆದರೆ ಹಾಲು ಆಲಾಗಿ, ಹೂವು ಊವಾಗಿ, ಹಬ್ಬವೇ ಅಬ್ಬವಾಗುವ ಊರಿನಲ್ಲಿ ಹುಟ್ಟಿದವಳ ಬಾಯಿಗೆ ಬಿದ್ದ ಮೇಲೆ ಹರ್ಟ್ಸ್ ಒಂದೇ ಯಾವ ಪುಣ್ಯ ಮಾಡಿತ್ತು? ಗೊರಗುಂಟೆಪಾಳ್ಯದ ಆಚೆ ಆಗ ಒಂದು ಕಾರ್ಖಾನೆಯಿತ್ತು, ಈಗ ಅಲ್ಲಿ ಹದಿನಾಲ್ಕು ಅಂತಸ್ತಿನ ಫ್ಲ್ಯಾಟುಗಳಿವೆ. ಅದು ಶುರುವಾಗುವಾಗ ಅಪ್ಪ ಚಿಕ್ಕಬೈರಪ್ಪನ ಎರಡು ಎಕರೆ ಹೊಲ ಕಾಂಪೌಂಡಿನೊಳಗೆ ಹೋಯಿತು, ಬದಲಿಗೆ ಮನೆಗೊಂದು ಕೆಲಸ ಬಂತು. ಅಣ್ಣ ಎಸೆಸೆಲ್ಸಿ ಮೂರು ಸಲ ಡುಮ್ಕಿ ಹೊಡೆದಿದ್ದರಿಂದ ಕೆಲಸ ತಂಗಿಯ ಪಾಲಾಯಿತು. ಟೆಸ್ಟಿಂಗ್ ವಿಭಾಗ. ಕಿವಿಗೆ ಹೆಡ್‌ಫೋನು, ಒಂದು ಕಡೆ ಎಂದೂ ತಪ್ಪದ ನಾನೂರರ ಸ್ವರ, ಇನ್ನೊಂದು ಕಡೆ ಲ್ಯಾಬುಗಳಿಗೆಂದು ಆಗತಾನೆ ತಯಾರಾಗಿ ಬಂದ, ಸ್ವರ ಹೊರಡಿಸುವ ಬೂದು ಬಣ್ಣದ ಪೆಟ್ಟಿಗೆಯದು. ಎರಡೂ ಹೊಂದದಿದ್ದರೆ ಹೀಗೇ ತೂಗುತ್ತದೆ. ಅದಕ್ಕೆ ವಿಭಾಗದಲ್ಲಿ ಉಯ್ಯಾಲೆ ಅನ್ನುತ್ತಿದ್ದರು. ನಾಬು ತಿರುಗಿಸುತ್ತ ತಿರುಗಿಸುತ್ತ ಉಯ್ಯಾಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಿಂತುಹೋದರೆ ಪೆಟ್ಟಿಗೆ ಪಾಸು. ಮೊದಲನೆಯ ದಿನ ಫೋರ್‌ಮನ್ನು ಎಷ್ಟಮ್ಮಾ ಎಂದು ಕೇಳಿದಾಗ ಅವಳು ಎದೆಯುಬ್ಬಿಸಿ "ನಾನೂರು ಅರ್ಟ್ಸ್ ಸಾರ್" ಅಂದಳು. "ಏನಮ್ಮಾ, ಆರ್ಟ್ಸ್ ಕಾಲೇಜಾ ಇದು?" ಎಂದ ಅವನು. ಇಡೀ ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತಿನಿಂದ ಅವಳು ಅರ್ಟ್ಸ್ ಗಂಗಾ. ನಗದೆ ಇದ್ದವರು ಸೀನಿಯರ್ ಟೆಕ್ನಿಷಿಯನ್ ಶಿವರಾಮ್ ಒಬ್ಬರೇ. ಆ ಹೆಸರು ನೆನಪಾದ ಕೂಡಲೇ ಅವಳು ಯಾವಾಗಲೂ ಮಾಡುವ ಹಾಗೆ ಬೇರೆ ಏನನ್ನೋ ಯೋಚಿಸಲು ನೋಡಿದಳು. ಆದರೆ ಮೇಲೆ ಉಯ್ಯಾಲೆ ತೂಗುತ್ತಲೇ ಇತ್ತು.

"ಮ್ಯಾಲ್ಗಡೆ ಏನಪ್ಪಾ ಅದು?" ಎಂದು ಗಿರಣಿಯವನನ್ನು ಕೇಳಿದಳು. "ಅಯ್ಯೋ, ಯಾರೋ ಹುಡುಗ್ರು ಬಾಡಿಗೆಗವ್ರೆ ಅಮ್ಮ. ಶನಿವಾರ ಬಂತಂದ್ರೆ ಇದೇ ಗೋಳು. ಮ್ಯೂಸಿಕ್ಕಂತೆ! ಅದಕ್ಕಿಂತ ನನ್ ಮಿಷಿನ್ನೇ ವಾಸಿ" ಎಂದು ಅವನು ನಕ್ಕ. ಅಭ್ಯಾಸಬಲದಿಂದ ಅವಳೂ ನಕ್ಕಳು. ಯಾರು ನಕ್ಕರೂ ಜತೆಗೆ ನಕ್ಕುಬಿಡುವುದು ಕಾರ್ಖಾನೆ ಕಲಿಸಿದ ವಿದ್ಯೆ. ಹೊರಗೆ ಉಳಿದರೆ ತಾನೇ ನಗೆಪಾಟಲು. ನಕ್ಕದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು, ಸಿಟ್ಟಿನ ಹಿಂದೆ ತಡೆಯಲಾಗದ ಆಸೆ. ನನ್ನ ಡಬ್ಬ ನೋಡ್ಕೊಳ್ಳಪ್ಪಾ ಎಂದವಳೇ ಪಕ್ಕದ ಮೆಟ್ಟಿಲು ಹತ್ತಿದಳು. ಬೇರೆ ದಿನವಾಗಿದ್ದರೆ ಹದಿನೆಂಟು ಮೆಟ್ಟಿಲಿಗೆ ಮೂರು ಸಲ ನಿಲ್ಲಬೇಕಿತ್ತು. ಇವತ್ತು ಮಂಡಿ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿತ್ತು. ಬಾಗಿಲ ಹತ್ತಿರ ಚಪ್ಪಲಿಗಳು ರಾಶಿ ಬಿದ್ದಿದ್ದವು. ಚಪ್ಪಲಿ ಬಿಟ್ಟು ಒಳಗೆ ಹೋಗುವ ಜಾಗ ಎಂದ ಮೇಲೆ ದೇವರದ್ದೋ ಪಾಠದ್ದೋ ಇರಬೇಕು, ಎರಡಕ್ಕೂ ಹೆದರಬೇಕಾಗಿಲ್ಲ ಎಂದುಕೊಂಡು ಅವಳೂ ಚಪ್ಪಲಿ ಬಿಟ್ಟಳು.

ಒಳಗೆ ಹಿಂದೆ ಟ್ಯೂಷನ್ ನಡೆಯುತ್ತಿದ್ದ ಹಾಲು. ಗೋಡೆಯ ಕಪ್ಪು ಹಲಗೆ ಇನ್ನೂ ಹಾಗೇ ಇತ್ತು. ಎಂಟು ಹತ್ತು ಜನ ಚಾಪೆಯ ಮೇಲೆ ಕೂತಿದ್ದರು, ಕೆಲವರು ಕಣ್ಣು ಮುಚ್ಚಿಕೊಂಡಿದ್ದರು. ಮುಂದೆ ಎರಡು ಮೇಜು. ಒಂದರ ಹಿಂದೆ ಗಡ್ಡದ ಹುಡುಗನೊಬ್ಬ ಪುಟ್ಟ ಕೀಬೋರ್ಡಿನ ಮೇಲೆ ಬಗ್ಗಿದ್ದ. ಇನ್ನೊಂದರ ಹಿಂದೆ ಹಸಿರು ದುಪಟ್ಟಾ ತಲೆಗೆ ಸುತ್ತಿಕೊಂಡ ಹುಡುಗಿ. ಅವಳ ಎದುರು ನಾಬುಗಳೇ ತುಂಬಿದ ಹಲಗೆ, ಅದರ ತುಂಬ ಹಳದಿ ಕೆಂಪು ವೈರುಗಳು, ಮತ್ತು, ಗಂಗರತ್ನಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು, ಎರಡು ಬೂದು ಪೆಟ್ಟಿಗೆಗಳು. ಒಂದೊಂದರ ನಡುವೆಯೂ ಊಟದ ತಟ್ಟೆಯಗಲದ ಡಯಲು. ಅವಳ ಕಾರ್ಖಾನೆಯದಲ್ಲ, ಬೇರೆ ಯಾವುದೋ ಕಂಪನಿಯದು, ಆದರೆ ಅದೇ ಜಾತಿ, ಅದೇ ಕಾಲದ್ದು. ತವರಿನ ಕಡೆಯವರನ್ನು ಯಾರದೋ ಮದುವೆಯಲ್ಲಿ ಕಂಡ ಹಾಗಾಯಿತು. ಇಲ್ಲೇನು ಮಾಡ್ತಿದೀರ್ರೋ ನೀವು ಎಂದು ಪೆಟ್ಟಿಗೆಗಳನ್ನೇ ಕೇಳಬೇಕೆನ್ನಿಸಿ ಬಾಯಿಗೆ ಸೆರಗು ಒತ್ತಿ ಹಿಂದಿನ ಚಾಪೆಯ ಮೇಲೆ ಕುಸಿದಳು.

ಕೇಳುತ್ತ ಹೋದಂತೆ ಅವಳಿಗೆ ಗಾಬರಿಯಾಗುವಷ್ಟು ಸಂತೋಷವಾಯಿತು. ಉಯ್ಯಾಲೆಯ ಕೆಳಗೆ ಗಡ್ಡದ ಹುಡುಗ ದಪ್ಪ ಸ್ವರವೊಂದನ್ನು ಬಿಟ್ಟಿದ್ದ. ಅದು ಕಾಲಿನಿಂದ ಹತ್ತಿ ಹೊಟ್ಟೆಗೆ ಬರುತ್ತಿತ್ತು. ಅದರ ಮೇಲೆ ಹುಡುಗಿ ಸಣ್ಣ ಸಣ್ಣ ಸ್ವರಗಳನ್ನು ಚಿಮುಕಿಸಿದಳು, ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಅವು ಸಿಡಿದು, ಹರಡಿ, ಮಾಯವಾದವು. ಇನ್ನೇನು ಹಾಡು ಶುರುವಾಗುತ್ತದೆ ಎಂದು ಕಾದರೆ ಹಾಡು ಬರಲೇ ಇಲ್ಲ. ಬರಬೇಕಾದ್ದು ಆಗಲೇ ಬಂದಾಗಿದೆ, ಇದೇ ಅದು ಎಂದು ಸ್ವಲ್ಪ ಹೊತ್ತಿನ ಮೇಲೆ ಹೊಳೆದು ಅವಳು ಚಾಪೆಯ ಮೇಲೇ ನೆಟ್ಟಗಾದಳು. ಒಂದು ಘಟ್ಟ ಮುಗಿದು ಜನ ನೀರು ಕುಡಿಯಲು ಎದ್ದಾಗ ಅವಳು ನೇರ ಹುಡುಗಿಯ ಹತ್ತಿರ ಹೋದಳು. "ಇದಕ್ಕೆ ಏನಂತಾರೆ ಕಣವ್ವಾ?" ಹುಡುಗಿ ನಕ್ಕಳು. ತನ್ನ ಹೆಸರು ಲುಬ್ನಾ, ಆರ್‌ಟಿ ನಗರದವಳು, ಗಡ್ಡದವನು ಯಶವಂತ್ ಎಂದಳು. "ಸಿಂಥಸೈಜರ್ ಮ್ಯೂಸಿಕ್ ಆಂಟಿ. ಐವತ್ತು ಅರವತ್ತು ವರ್ಷದ ಹಿಂದೆ ಜನ ಗೋಡೆಯಷ್ಟು ದೊಡ್ಡ ಮಿಷಿನ್‌ಗಳಲ್ಲಿ, ಲ್ಯಾಬ್ ಸಾಮಾನಲ್ಲಿ, ಇಂಥ ಮ್ಯೂಸಿಕ್ ಮಾಡ್ತಿದ್ರು. ನಮಗೆ ಆ ಕಾಲದ ಸೌಂಡ್ ಅಂದ್ರೆ ಹುಚ್ಚು. ಆದ್ರೆ ನಾವು ಕಾಪಿ ಮಾಡಲ್ಲ, ಏನೂ ಬರ್ಕೊಳ್ಳಲ್ಲ, ರಿಹರ್ಸಲ್ ಇಲ್ಲ. ಕೂತ್ಕೊಂಡ್ವಿ, ಕೈಗೆ ಬಂದಿದ್ದು ಬಂತು. ಇವೆರಡು ಸಂಡೇ ಬಜಾರಲ್ಲಿ ಸಿಕ್ಕಿದ್ವು, ಗುಜರಿಗೆ ಹಾಕಿದ್ರು." ಗಂಗರತ್ನಮ್ಮನಿಗೆ ಲುಬ್ನಾಳ ಕೆನ್ನೆ ಹಿಂಡಬೇಕೆನ್ನಿಸಿತು. ಐವತ್ತು ಅರವತ್ತು ವರ್ಷದ ಹಿಂದೆ! ಲೋಕದಲ್ಲಿ ಇದಕ್ಕೊಂದು ಹೆಸರಿತ್ತು, ಮಾಡುವವರಿದ್ದರು, ಕಣ್ಣು ಮುಚ್ಚಿ ಕೇಳುವವರಿದ್ದರು, ಇದ್ಯಾವುದೂ ಗೊತ್ತಿಲ್ಲದೆ ಗೊರಗುಂಟೆಪಾಳ್ಯದ ಒಂದು ಬೆಂಚಿನ ಮೇಲೆ ಶಿವರಾಮ್ ಸಾರ್ ಒಬ್ಬರೇ ಇದನ್ನು ಮಾಡಿದ್ದರು. ಇದನ್ನು ಅವರಿಗೆ ಹೇಳಬೇಕು, ಈಗಲೇ ಹೇಳಬೇಕು. ಆದರೆ ಇಡೀ ಬೆಂಗಳೂರಿನಲ್ಲಿ ಈ ಸಂತೋಷ ಹೇಳಿಕೊಳ್ಳಬೇಕಾದವರು ಒಬ್ಬರೇ, ಮೂವತ್ತೊಂಬತ್ತು ವರ್ಷದಿಂದ ಅವಳು ಮುಖ ಕೊಟ್ಟು ಮಾತಾಡದವರೂ ಅವರೊಬ್ಬರೇ.

ಊಟದ ಗಂಟೆ ಹೊಡೆದರೆ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದರು, ಶಿವರಾಮ್ ಸಾರ್ ಮಾತ್ರ ಟೆಸ್ಟಿಗೆ ಬಂದ ಪೆಟ್ಟಿಗೆಗಳಲ್ಲಿ ಮೂರನ್ನು ಆರಿಸಿ, ಒಂದು ಹಳೆಯ ರೇಡಿಯೋದ ಸ್ಪೀಕರಿಗೆ ಸಿಕ್ಕಿಸುತ್ತಿದ್ದರು. ಬೆಳಗಿನಿಂದ ನಿಲ್ಲಿಸಿದ ಉಯ್ಯಾಲೆಗಳನ್ನೆಲ್ಲ ಆ ಅರ್ಧ ಗಂಟೆ ಬಿಚ್ಚಿ ಬಿಡುವವರ ಹಾಗೆ ಮೂರನ್ನೂ ಬೇಕೆಂದೇ ತಪ್ಪಿಸಿ, ತಪ್ಪನ್ನು ಹೆಚ್ಚಿಸಿ, ಕಡಿಮೆ ಮಾಡಿ, ಏನೇನೋ ಎಬ್ಬಿಸುತ್ತಿದ್ದರು. ಹೆಂಗಸರು ಚಿತ್ರಾನ್ನ ತಿನ್ನುತ್ತ ಕೇಳುತ್ತಿದ್ದರು. ಇದೇನು ಸಾರ್ ಎಂದು ಕೇಳಿದರೆ, ಏನೋ ಗೊತ್ತಿಲ್ಲಮ್ಮ, ಚೆನ್ನಾಗಿದೆಯಾ ಎಂದು ಅವರೇ ತಿರುಗಿ ಕೇಳುವರು. ಒಂದು ದಿನ "ಬಾಮ್ಮಾ, ನೀನು ಮಾಡು" ಎಂದು ಸ್ಟೂಲು ಬಿಟ್ಟುಕೊಟ್ಟರು. ಅವಳು ಕೂತಳು. ಕೂತದ್ದಷ್ಟೇ ಗೊತ್ತು, ಊಟ ಮುಗಿದ ಗಂಟೆ ಹೊಡೆದದ್ದು ಕೇಳಿಸಲಿಲ್ಲ, ಬೆಂಚು ಸದ್ದಿಲ್ಲದೆ ಕೆಲಸಕ್ಕೆ ಬಗ್ಗಿದ್ದು ಕಾಣಲಿಲ್ಲ, ಬಾಗಿಲಲ್ಲಿ ಫೋರ್‌ಮನ್ನು, ಅವನ ಹಿಂದೆ ದೊಡ್ಡ ಆಫೀಸರು ಬಂದು ನಿಂತದ್ದೂ ಕಾಣಲಿಲ್ಲ. ಪೆಟ್ಟಿಗೆಗಳ ಮರೆಯಲ್ಲಿ ಯಾರ ಕೈಯೆಂದು ಕಾಣದೆ ಆಫೀಸರು "ಯಾರ್ರೀ ಅದು?" ಎಂದ ಕೂಡಲೇ ಅವಳ ಎರಡೂ ಕೈ ಸೆರಗಿನೊಳಗೆ ಹೋದವು. ಪಕ್ಕದಲ್ಲಿ ನಿಂತಿದ್ದ ಶಿವರಾಮ್ ಸಾರ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಅದನ್ನು ಹೆದರಿಕೆ ಅನ್ನಬಹುದಿತ್ತು. ಆದರೆ ವಾರದ ಮೇಲೆ ಅವಳನ್ನು ಒಳಗೆ ಕರೆಸಿ, ಕುರ್ಚಿ ಕೊಟ್ಟು, ಬಿಳಿ ಹಾಳೆ ಮುಂದಿಟ್ಟರು. ಅವಳಿನ್ನೂ ಖಾಯಂ ಆಗಿರಲಿಲ್ಲ. ಹೊಲ ಹೋಗಿತ್ತು, ಕೆಲಸವೂ ಹೋದರೆ ಅಪ್ಪ ಏನನ್ನುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು. ಮಾಡಿದ್ದು ಅವರು, ನಾನು ಊಟ ಮಾಡುತ್ತಿದ್ದೆ ಎಂದು ತನ್ನ ಕೈಯಾರೆ ಬರೆದು ಸೈನ್ ಹಾಕಿದಳು. ಶಿವರಾಮ್ ಸಾರ್ ಅವರನ್ನು ಸ್ಟೋರ್ಸಿಗೆ ಹಾಕಿದರು. ರಿಟೈರಾಗುವ ತನಕ, ಇಪ್ಪತ್ತೆರಡು ವರ್ಷ, ಅವರು ಅಲ್ಲೇ ನಟ್ಟು ಬೋಲ್ಟಿನ ನಡುವೆ ಇದ್ದರು. ಕ್ಯಾಂಟೀನಿನಲ್ಲಿ ಎದುರಾದರೆ ಚೆನ್ನಾಗಿದೀಯೇನಮ್ಮಾ ಎನ್ನುತ್ತಿದ್ದರು. ಅವಳು ಸಾಂಬಾರು ನೋಡುತ್ತ ತಲೆಯಾಡಿಸುತ್ತಿದ್ದಳು.

ಈಗ ಚಿಕ್ಕಬಾಣಾವರದಲ್ಲಿದ್ದಾರೆ. ರಿಟೈರಾದವರ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಒಂದು ಹೂವು, ಒಂದು ಶುಭೋದಯ, ವಾರಕ್ಕೊಮ್ಮೆ ಮೆಂತ್ಯದ ನೀರಿನ ಮಹಿಮೆ ಕಳಿಸುತ್ತಾರೆ. ಉಳಿದವರೆಲ್ಲ ಕೈ ಮುಗಿಯುವ ಚಿತ್ರ ಒತ್ತುತ್ತಾರೆ. ಗಂಗರತ್ನಮ್ಮ ನೋಡುತ್ತಾಳೆ, ಒತ್ತುವುದಿಲ್ಲ. ಹೂವಿಗೆ ಉತ್ತರ ಕೊಡಬೇಕಾದರೆ ಅದಕ್ಕೆ ಮುಂಚಿನದಕ್ಕೂ ಕೊಡಬೇಕಲ್ಲ ಎಂದು ಅವಳ ಲೆಕ್ಕ. ಈಗ ಲುಬ್ನಾ "ಆಂಟಿ, ಇನ್ನೊಂದು ಸೆಟ್ ಇದೆ, ಮುಂದೆ ಬನ್ನಿ" ಎಂದು ಅವಳಿಗೆ ಮೇಜಿನ ಪಕ್ಕವೇ ಕುರ್ಚಿ ಹಾಕಿದಳು. ಮಂಡಿ ನೋವಿನ ಮುದುಕಿ ನೆಲದಲ್ಲಿ ಕೂರಬಾರದೆಂಬ ಮರ್ಯಾದೆ ಅಷ್ಟೇ. ಆದರೆ ಕುರ್ಚಿಯಿಂದ ಡಯಲಿಗೆ ಒಂದು ಗೇಣು ದೂರ.

ಎರಡನೆಯ ಘಟ್ಟ ಮೊದಲಿನದಕ್ಕಿಂತ ಚೆನ್ನಾಗಿ ಏರುತ್ತಿತ್ತು. ಉಯ್ಯಾಲೆ ದೊಡ್ಡದಾಗಿ ತೂಗುತ್ತಿತ್ತು, ಯಶವಂತನ ದಪ್ಪ ಸ್ವರ ಅದರ ಕೆಳಗೆ ನಡೆಯುತ್ತಿತ್ತು, ಮುಂದೆ ಕೂತವರ ತಲೆಗಳು ತಾವಾಗಿ ಆಡುತ್ತಿದ್ದವು. ಅಷ್ಟರಲ್ಲಿ ಮೇಜಿನ ಆ ತುದಿಯಲ್ಲಿ ಒಂದು ವೈರು ಕಳಚಿತು. ಲುಬ್ನಾ ಎದ್ದವಳು ಗಂಗರತ್ನಮ್ಮನ ಕಿವಿಗೆ ಬಗ್ಗಿ, "ಆಂಟಿ, ಈ ಡಯಲ್ ಲೂಸಾಗಿದೆ, ಜಾರತ್ತೆ, ಒಂದ್ನಿಮಿಷ ಹಿಡ್ಕೊಳ್ತೀರಾ ಪ್ಲೀಸ್" ಎಂದು ಹೋದಳು. ಬೆರಳು ಡಯಲಿಗೆ ತಾಗಿತು. ತಣ್ಣನೆಯ ಕಬ್ಬಿಣ, ಅಂಚಿನ ಸಣ್ಣ ಹಲ್ಲುಗಳು. ಅಲ್ಲಿಂದ ಮುಂದೆ ಅವಳು ಅವಳಾಗಿರಲಿಲ್ಲ. ಇಪ್ಪತ್ತೆಂಟು ವರ್ಷ ದಿನಕ್ಕೆ ಅರವತ್ತು ಪೆಟ್ಟಿಗೆ ಪಾಸು ಮಾಡಿದ ಕೈ ಅದು, ಜಾರುತ್ತಿದ್ದ ಸ್ವರವನ್ನು ಹಿಡಿಯಿತು, ಒಂದು ಕೂದಲೆಳೆಯಷ್ಟು ಇಳಿಸಿತು, ಇನ್ನೂ ಅರ್ಧ ಎಳೆ. ಉಯ್ಯಾಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತೇಹೋಯಿತು. ಹಾಲಿನ ತುಂಬ ಒಂದೇ ಒಂದು ಸಪಾಟು ಸ್ವರ, ಇಸ್ತ್ರಿ ಮಾಡಿದ ಹಾಗೆ. "ಓಕೆ! ಮುಂದಿಂದು!" ಎಂದು ಗಂಗರತ್ನಮ್ಮ ಗಟ್ಟಿಯಾಗಿ ಕೂಗಿದಳು.

ಯಶವಂತನ ಕೈ ನಿಂತಿತು. ಮುಚ್ಚಿದ ಕಣ್ಣುಗಳೆಲ್ಲ ತೆರೆದವು. ಯಾರೋ ಕಿಸಕ್ಕೆಂದರು, ಅದು ಇನ್ನೊಬ್ಬರಿಗೆ ಅಂಟಿತು, ಇಡೀ ಚಾಪೆ ನಕ್ಕಿತು. ಅವಳೂ ಜತೆಗೆ ನಗಲು ನೋಡಿದಳು, ಈ ಸಲ ನಗು ಬರಲಿಲ್ಲ. ಎದ್ದು, ಕುರ್ಚಿಗೆ ಎಡವಿ, ಚಪ್ಪಲಿ ರಾಶಿಯಲ್ಲಿ ತನ್ನದಲ್ಲದ ಒಂದು ಚಪ್ಪಲಿ ಮೆಟ್ಟಿ, ಮೆಟ್ಟಿಲ ಮೇಲೆ ಬಂದು ಕೂತಳು. ಹಾಳು ಕೈ. ಅವತ್ತು ಮಾಡಬೇಕಾದಾಗ ಒಳಗೆ ಅಡಗಿತು, ಇವತ್ತು ಸುಮ್ಮನಿರಬೇಕಾದಾಗ ಹೊರಗೆ ಬಂತು. ಅರವತ್ತೆರಡನೆಯ ವಯಸ್ಸಿನಲ್ಲೂ ಅರ್ಟ್ಸ್ ಗಂಗಾ ಅರ್ಟ್ಸ್ ಗಂಗಾನೇ. ಫೋನು ಹೊಡೆದುಕೊಂಡಿತು, ಗಂಡ ಸುಬ್ರಮಣಿ. "ಎಲ್ಲಿ ಸತ್ತೋದ್ಯೇ? ರಾಗಿ ಬೀಸ್ಸೋಕೋದ್ಯೋ ಬಿತ್ತೋಕೋದ್ಯೋ? ಮುದ್ದೆಗೆ ಎಸರಿಟ್ಟು ಅರ್ಧ ಗಂಟೆ ಆಯ್ತು." ಬರ್ತೀನಿ ಇರಿ ಎಂದು ಅವಳು ಇಟ್ಟಳು. ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಲ್ಲಿ ಒರೆಸಿಕೊಳ್ಳುವಾಗ ಹಿಂದೆ ದುಪಟ್ಟಾ ಸರಿದ ಸದ್ದಾಯಿತು.

ಲುಬ್ನಾ ಬಂದು ಪಕ್ಕದ ಮೆಟ್ಟಿಲಿನಲ್ಲೇ ಕೂತಳು. ಅವಳ ಮುಖದಲ್ಲಿ ನಗುವಿರಲಿಲ್ಲ, ಏನೋ ಸಿಕ್ಕಿದವಳ ಹಾಗೆ ಕಣ್ಣು ಅಗಲವಾಗಿತ್ತು. "ಆಂಟಿ, ಅದನ್ನ ಹೇಗ್ ಮಾಡಿದ್ರಿ?" "ತಪ್ಪಾಯ್ತು ಕಣವ್ವಾ, ಕೆಟ್ಟ ಅಭ್ಯಾಸ, ಇಂಗೇ ಕೈ..." "ಅಲ್ಲ ಆಂಟಿ, ಹೇಗ್ ಮಾಡಿದ್ರಿ? ನಾನು ಮೂರು ತಿಂಗಳಿಂದ ಟ್ರೈ ಮಾಡ್ತಿದೀನಿ. ಆ ಡಯಲ್ ಹಾಳಾಗಿದೆ, ಒಂದು ಕಡೆ ನಿಲ್ಲಲ್ಲ. ನೀವು ಮೂರು ಸೆಕೆಂಡಲ್ಲಿ ಡೆಡ್ ಸ್ಟಾಪ್ ಮಾಡಿದ್ರಿ, ಮೀಟರ್ ಇಲ್ದೆ, ಬರೀ ಕಿವೀಲಿ." ಗಂಗರತ್ನಮ್ಮ ಮೂಗು ಒರೆಸಿಕೊಂಡಳು. ಅದರಲ್ಲೇನಿದೆ, ಉಯ್ಯಾಲೆ ನಿಲ್ಲಿಸೋದೇ ನನ್ನ ಕೆಲಸವಾಗಿತ್ತು ಎಂದು ಕಾರ್ಖಾನೆ, ಹೆಡ್‌ಫೋನು, ನಾನೂರರ ಸ್ವರ ಎಲ್ಲ ಹೇಳಿದಳು, ಹೇಳುವಾಗ ಅರ್ಟ್ಸ್ ಅಂದೇಬಿಟ್ಟಳು. ಲುಬ್ನಾ ಅದನ್ನು ತಿದ್ದಲಿಲ್ಲ. "ಹಾಗಾದ್ರೆ ನಿಲ್ಲಿಸೋಕೆ ಸ್ವಲ್ಪ ಮುಂಚೆ ಏನಾಗತ್ತೆ ಆಂಟಿ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಫೋರ್‌ಮನ್ನೂ ಕೇಳಿರಲಿಲ್ಲ. ನಿಲ್ಲಿಸುವುದಕ್ಕೆ ಸ್ವಲ್ಪ ಮುಂಚೆ ಏನಾಗುತ್ತದೆ? ಉಯ್ಯಾಲೆ ಉಸಿರಿನಷ್ಟು ನಿಧಾನವಾಗುತ್ತದೆ. ಹತ್ತು ಸೆಕೆಂಡಿಗೆ ಒಂದು. ಎದೆಯೊಳಗೆ ಯಾರೋ ಬಾಗಿಲು ತೆರೆದು ಮುಚ್ಚಿದ ಹಾಗೆ. ಪ್ರತಿ ಪೆಟ್ಟಿಗೆಯಲ್ಲೂ ಅದು ಬರುತ್ತಿತ್ತು, ಪ್ರತಿ ಸಲವೂ ಅವಳು ಅದನ್ನು ದಾಟಿಕೊಂಡು ಹೋಗಿ ಓಕೆ ಅನ್ನುತ್ತಿದ್ದಳು. "ಅಲ್ಲೇ ಇದೆ ಕಣೇ ಎಲ್ಲಾ!" ಎಂದು ಅವಳು ಲುಬ್ನಾಳ ಮೊಣಕೈ ಹಿಡಿದು ಎದ್ದು ನಿಂತಳು.

ಈ ಸಲ ಕುರ್ಚಿಯಲ್ಲಿ ಕೂತವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಾಪೆಯ ಮೇಲಿನವರು ಏನಾಗುತ್ತದೋ ನೋಡೋಣ ಎಂದು ಸುಮ್ಮನಾದರು. ಸೆಕೆಂಡಿಗೆ ಎರಡರಿಂದ ಶುರು ಮಾಡಿದಳು. ಒಂದಕ್ಕೆ ತಂದಳು, ಅಲ್ಲಿ ಹಿಡಿದಳು. ಡಯಲು ಜಾರಲು ನೋಡಿದರೆ ಬೆರಳಿನಲ್ಲಿ ಗದರಿಸಿದಳು. ಎರಡು ಸೆಕೆಂಡಿಗೊಂದು. ಐದಕ್ಕೊಂದು. ಹಾಲಿನಲ್ಲಿದ್ದವರ ಉಸಿರು ಅದರ ಜತೆಗೆ ಉದ್ದವಾಗುವುದು ಅವಳಿಗೆ ಕಾಣುತ್ತಿತ್ತು. ಇನ್ನೇನು ನಿಲ್ಲಬೇಕು, ಕೈ ಓಕೆ ಎನ್ನಲು ತುದಿಗಾಲಲ್ಲಿತ್ತು, ಅವಳು ಬಿಡಲಿಲ್ಲ. ಅಲ್ಲೇ ಇಟ್ಟಳು. ಅಂಚಿನಲ್ಲೇ. ಯಶವಂತ ಮೆಲ್ಲಗೆ ದಪ್ಪ ಸ್ವರವನ್ನು ಒಳಗೆ ತಂದ. ಲುಬ್ನಾ ಸಾಸಿವೆ ಸಿಡಿಸಿದಳು. ಆಗ ಗಂಗರತ್ನಮ್ಮ ಒಮ್ಮೆಗೇ ಡಯಲು ತಿರುವಿ ಉಯ್ಯಾಲೆಯನ್ನು ಜೋರಾಗಿ ನೂಕಿದಳು, ಅದು ಗುಡುಗುಡು ಎಂದು ಓಡಿತು, ಮತ್ತೆ ಹಿಡಿದು ನಿಧಾನ ಮಾಡಿದಳು, ಮತ್ತೆ ನೂಕಿದಳು. ಮುಂದೆ ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ, ಗೊತ್ತಿಲ್ಲದ್ದೇ ಇಷ್ಟೊಂದು ಮಜಾ ಕೊಡುತ್ತದೆಂದು ಯಾರೂ ಹೇಳಿರಲಿಲ್ಲ. "ಮಚ್ಚಾ, ಏನ್ ಆಂಟಿ ಇವ್ರು!" ಎಂದು ಯಶವಂತ ಲುಬ್ನಾಳಿಗೆ ಅಂದದ್ದು ಕೇಳಿಸಿತು. ನಗು ಬಂತು. ಅವಳದೇ ನಗು, ಯಾರ ಜತೆಗೂ ನಕ್ಕದ್ದಲ್ಲ. ಹತ್ತು ನಿಮಿಷವೋ ಇಪ್ಪತ್ತೋ, ಕೊನೆಗೆ ಇಬ್ಬರೂ ತಮ್ಮ ಸ್ವರ ನಿಲ್ಲಿಸಿದರು, ಅವಳ ಉಯ್ಯಾಲೆ ಒಂದೇ ಉಳಿಯಿತು. ಜನ ಚಪ್ಪಾಳೆ ತಟ್ಟಿದರು. ಅವಳು ಡಯಲಿನಿಂದ ಬೆರಳು ತೆಗೆಯಲಿಲ್ಲ. ಇಷ್ಟು ಖುಷಿಯನ್ನು ಒಬ್ಬಳೇ ಇಟ್ಟುಕೊಂಡರೆ ಇದೂ ಕಳ್ಳತನವಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಎಡಗೈಯಲ್ಲಿ ಫೋನು ತೆಗೆದು ಗ್ರೂಪು ಬಿಚ್ಚಿ, ಇವತ್ತಿನ ದಾಸವಾಳದ ಮೇಲಿದ್ದ ಅವರ ನಂಬರು ಒತ್ತಿದಳು. ಒಂದೇ ಕೈಗೆ ಫೋನನ್ನು ಕಿವಿಗಿಡಲು ಆಗದೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಹಲೋ, ಯಾರು?" ಸ್ವರ ಸವೆದಿತ್ತು, ಆದರೆ ಅದೇ. "ಸಾರ್, ನಾನು ಗಂಗರತ್ನ." "ಯಾವ ಗಂಗರತ್ನ?" ಒಂದು ಕ್ಷಣ ತಡೆದು, "ಅರ್ಟ್ಸ್ ಗಂಗಾ ಸಾರ್, ಟೆಸ್ಟಿಂಗು" ಅಂದಳು. ಆ ಕಡೆ ಕುರ್ಚಿ ಸರಿದ ಸದ್ದು. "ಓಹೋ! ಏನಮ್ಮಾ! ಏನ್ ಸಮಾಚಾರ?" "ಸಾರ್, ಏನೂ ಕೇಳ್ಬೇಡಿ, ಇದನ್ನ ಕೇಳಿ" ಎಂದು ಅವಳು ಉಯ್ಯಾಲೆಯನ್ನು ದೊಡ್ಡದು ಮಾಡಿದಳು. ಅವರು ಕೇಳಿದರು. ಲೈನು ಕಟ್ಟಾಯಿತೇನೋ ಎಂದು ಯಶವಂತ ಬಗ್ಗಿ ನೋಡಿದ. "ಎರಡೇ ಇದೆಯಲ್ಲಮ್ಮಾ, ಮೂರನೇದೆಲ್ಲಿ?" ಎಂದರು. ಲುಬ್ನಾ, ಯಶವಂತ, ಚಾಪೆಯ ಮೇಲಿನ ಎಲ್ಲರೂ ಕೇಳುತ್ತಿದ್ದಾರೆಂದು ಗೊತ್ತಿತ್ತು, ಕೇಳಲಿ. "ಸಾರ್, ಅವತ್ತು ಕೈ ನಂದು. ಒಳಗೆ ಕರ್ಸಿದಾಗ ನಿಮ್ದು ಅಂತ ಬರ್ದು ಸೈನ್ ಹಾಕ್ಬಿಟ್ಟೆ."

"ಗೊತ್ತು" ಎಂದರು ಶಿವರಾಮ್. "ಆ ಕಾಗದ ನನಗೂ ಓದೋಕೆ ಕೊಟ್ಟಿದ್ರು. ನಿನ್ನ ಅಕ್ಷರ ಗುಂಡಗಿತ್ತು."

"ನಿಮಗೆ ಬೇಜಾರಾಗ್ಲಿಲ್ವಾ ಸಾರ್?"

"ಆಗ್ದೆ ಇರತ್ತೇನಮ್ಮಾ? ಆಯ್ತು. ಬಹಳ ವರ್ಷ ಇತ್ತು." ಅವರು ಕೆಮ್ಮಿದರು. "ನನ್ನ ಹೆಸರು ಬರ್ದಿದ್ದಕ್ಕಲ್ಲ. ನಿನ್ನ ಕೆಲಸ ಉಳೀಬೇಕಿತ್ತು, ಅದು ನನಗೂ ಗೊತ್ತಿತ್ತು. ಆದ್ರೆ ನೀನು 'ಇವರು ಶಬ್ದ ಮಾಡುತ್ತಿದ್ದರು' ಅಂತ ಬರ್ದಿದ್ದೆ. ಶಬ್ದ ಅಂತ. ಬೇರೆ ಯಾರು ಬರ್ದಿದ್ರೂ ನಾನು ನಕ್ಕು ಸುಮ್ನಾಗ್ತಿದ್ದೆ. ನಿನಗೆ ಗೊತ್ತಿತ್ತಲ್ಲಮ್ಮಾ."

ಆ ಮಾತು ತಾನು ಬರೆದದ್ದೆಂದೇ ಅವಳಿಗೆ ನೆನಪಿರಲಿಲ್ಲ. ಸೈನು ನೆನಪಿತ್ತು, ಕುರ್ಚಿಯ ಕೈಹಿಡಿ ನೆನಪಿತ್ತು, ಆಫೀಸರ ಫ್ಯಾನು ನೆನಪಿತ್ತು. ಶಬ್ದ ಎಂಬ ಶಬ್ದ ನೆನಪಿರಲಿಲ್ಲ. ಮೂವತ್ತೊಂಬತ್ತು ವರ್ಷ ಅವಳು ಬೇರೆ ಯಾವುದೋ ತಪ್ಪನ್ನು ಹೊತ್ತುಕೊಂಡು ಓಡಾಡಿದ್ದಳು. ಡಯಲು ಜಾರಿತು, ಉಯ್ಯಾಲೆ ಓಡತೊಡಗಿತು, ಅವಳು ಹಿಡಿದಳು. ಯಶವಂತ ಸದ್ದು ಮಾಡದೆ ತನ್ನ ಕಡೆಯ ಒಂದು ವೈರು ಕಿತ್ತು ತಂದು ಸಿಕ್ಕಿಸಿದ; ಮೂರನೆಯ ಸ್ವರ ಬಂತು.

"ಈಗ ಏನ್ ಮಾಡ್ತಿದೀಯಮ್ಮಾ ಅಲ್ಲಿ?" ಎಂದು ಫೋನಿನಿಂದ ಅವರು ಕೇಳಿದರು.

"ನುಡಿಸ್ತಿದೀನಿ ಸಾರ್" ಎಂದಳು ಗಂಗರತ್ನಮ್ಮ.

"ಸರಿ ಹಾಗಾದ್ರೆ. ಫೋನು ಹತ್ರ ಇಡು."